ಹಸಿರು ಟಿಕ್ಕಿನ ಕೈಗುಣ

ನಮ್ಮ ಕಡೆ ಕೈಗುಣ ಅನ್ನುವುದೊಂದಿದೆ. ಒಬ್ಬರು ನೆಟ್ಟ ತೆಂಗಿನ ಸಸಿ ಹತ್ತುತ್ತದೆ, ಇನ್ನೊಬ್ಬರು ಅದೇ ಗುಂಡಿಯಲ್ಲಿ ನೆಟ್ಟದ್ದು ಒಣಗುತ್ತದೆ. ಒಬ್ಬ ಡಾಕ್ಟರು ಕೊಟ್ಟ ಮಾತ್ರೆಗೆ ಜ್ವರ ಇಳಿಯುತ್ತದೆ, ಅದೇ ಮಾತ್ರೆ ಇನ್ನೊಬ್ಬರು ಕೊಟ್ಟರೆ ಇಳಿಯುವುದಿಲ್ಲ. ಇದನ್ನೆಲ್ಲ ನಗುತ್ತಲೇ ಹೇಳುತ್ತೇವೆ, ಆದರೆ ಸಸಿ ನೆಡುವ ದಿನ ಆ ಮನುಷ್ಯನನ್ನೇ ಹುಡುಕಿಕೊಂಡು ಹೋಗುತ್ತೇವೆ. ನನಗೂ ಹತ್ತು ತಿಂಗಳು ಕೈಗುಣ ಇತ್ತು. ಅದು ಎಲ್ಲಿಂದ ಬಂತು, ಹೋಗುವಾಗ ಯಾರ ಬಾಯಿಗೆ ಮಣ್ಣು ಹಾಕಿ ಹೋಯಿತು ಅನ್ನುವುದನ್ನು ಬರೆದಿಡೋಣ ಅಂತ ಕೂತಿದ್ದೇನೆ.

ಪಾಂಡವಪುರದಲ್ಲಿ ತಾಲ್ಲೂಕು ಕಚೇರಿಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಅಂಗಡಿ. ಒಂದು ಷಟರು, ಒಂದು ಕಂಪ್ಯೂಟರು, ಒಂದು ಜೆರಾಕ್ಸ್ ಮಿಷನ್ನು, ಒಂದು ಕಲರ್ ಪ್ರಿಂಟರು, ಲ್ಯಾಮಿನೇಷನ್ ಮಾಡುವ ಒಂದು ಪೆಟ್ಟಿಗೆ. ನನ್ನ ಗಂಡ ಗದ್ದೆ ನೋಡಿಕೊಳ್ಳುತ್ತಾರೆ. ನಾನು ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು ಷಟರು ಎತ್ತುತ್ತೇನೆ. ಜಾತಿ ಪ್ರಮಾಣಪತ್ರ, ಪಹಣಿ, ಪಿಂಚಣಿ, ನೌಕರಿಯ ಅರ್ಜಿ, ಸರ್ಕಾರ ಯಾವುದನ್ನು ಆನ್‌ಲೈನ್ ಮಾಡಿದರೂ ಅದು ನನ್ನ ಮೇಜಿಗೆ ಬರುತ್ತದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಆಧಾರ್ ಕಾರ್ಡನ್ನು ಎಂಟು ಮಡಿಕೆ ಮಾಡಿ ಎಲೆ ಅಡಿಕೆ ಚೀಲದಲ್ಲಿಟ್ಟುಕೊಂಡು ಬಂದವರಿಗೆ ಬೈಯದೆ ನಾನು ಕೆಲಸ ಶುರು ಮಾಡಿದ್ದೇ ಇಲ್ಲ. ಆದರೆ ಆಗೆಲ್ಲ ನಾನು ಹುಷಾರಾಗಿದ್ದೆ, ಅದನ್ನು ಹೇಳಿಕೊಳ್ಳಲೇಬೇಕು. ಒಂದೊಂದು ಕಾಗದವನ್ನೂ ಎರಡೆರಡು ಸಲ ಸ್ಕ್ಯಾನ್ ಮಾಡುತ್ತಿದ್ದೆ. ಅರ್ಜಿ ಹೋದ ಮೇಲೂ ವಾರಕ್ಕೊಮ್ಮೆ ಇಲಾಖೆಯ ಪುಟ ತೆರೆದು, ಪಟ್ಟಿಯಲ್ಲಿ ಆ ಹೆಸರನ್ನು ಹುಡುಕಿ, ಹೆಸರಿನ ಮೇಲೆ ಒತ್ತಿ, ಒಳಪುಟದಲ್ಲಿ ಏನಾದರೂ ತಕರಾರು ಬರೆದಿದ್ದಾರಾ ಅಂತ ನೋಡುತ್ತಿದ್ದೆ. ಬರೆದಿದ್ದರೆ ಫೋನು ಮಾಡಿ, ಮೊದಲು ಬೈದು, ಆಮೇಲೆ ವಿಷಯ ಹೇಳುತ್ತಿದ್ದೆ.

ಇನ್ನು ನನ್ನ ನಾದಿನಿಯ ವಿಷಯ. ಗಂಡನ ತಂಗಿ. ಅವಳನ್ನು ಕೊಟ್ಟಿರುವುದು ಶ್ರೀರಂಗಪಟ್ಟಣ ತಾಲ್ಲೂಕಿಗೆ, ಪಾಲಹಳ್ಳಿಯಿಂದ ಸ್ವಲ್ಪ ಮುಂದಕ್ಕೆ. ಅಲ್ಲಿನ ಅಂಗನವಾಡಿಯಲ್ಲಿ ಅವಳು ಹನ್ನೆರಡು ವರ್ಷದಿಂದ ಸಹಾಯಕಿ. ಅಂದರೆ ಅಡುಗೆ ಮಾಡುವುದು, ಪಾತ್ರೆ ತೊಳೆಯುವುದು, ಮಕ್ಕಳ ಮೂಗು ಒರೆಸುವುದು. ಆದರೆ ಪಾಠ ಹೇಳುವ ಟೀಚರಮ್ಮನಿಗೆ ವಾರದಲ್ಲಿ ಎರಡು ದಿನ ಮೀಟಿಂಗು, ಒಂದು ದಿನ ಸರ್ವೆ. ಹಾಗಾಗಿ ಹುಣಸೆ ಬೀಜ ಇಟ್ಟುಕೊಂಡು ಆ ಊರಿನ ಮಕ್ಕಳಿಗೆ ಒಂದು ಎರಡು ಎಣಿಸುವುದನ್ನು ಕಲಿಸಿದವಳು ಇವಳೇ. ಒಲೆ ಮುಂದೆ ಕೂತು ಓದಿ, ಪ್ರೈವೇಟಾಗಿ ಕಟ್ಟಿ ಪಿಯುಸಿಯನ್ನೂ ಪಾಸು ಮಾಡಿಕೊಂಡಳು. ಆ ಟೀಚರಮ್ಮ ನಿವೃತ್ತರಾಗುವವರಿದ್ದರು. ಅವರ ಜಾಗಕ್ಕೆ ತಾನು ಹೋಗಬೇಕು ಅನ್ನುವುದು ಇವಳ ಒಂದೇ ಆಸೆ. ಬೇರೆ ಸೀರೆ, ಬಂಗಾರ ಏನನ್ನೂ ಅವಳು ಬಾಯಿ ಬಿಟ್ಟು ಕೇಳಿದ್ದು ನಾನು ನೋಡಿಲ್ಲ. ವಯಸ್ಸಿನ ಮಿತಿ ಒಂದಿತ್ತು. ಅವಳಿಗೆ ಉಳಿದಿದ್ದದ್ದು ಈ ಒಂದು ಸಲ ಮಾತ್ರ.

ಅದಕ್ಕೂ ಮುಂಚೆ ನನ್ನ ಕಂಪ್ಯೂಟರಿಗೆ ರೋಗ ಬಂತು. ಬರದೆ ಏನು, ದಿನಕ್ಕೆ ಇಪ್ಪತ್ತು ಜನ ಪೆನ್‌ಡ್ರೈವ್ ತರುತ್ತಾರೆ, ಯಾರದ್ದು ಎಲ್ಲೆಲ್ಲಿ ಹೊಕ್ಕು ಬಂದಿರುತ್ತದೋ. ಒಂದು ದಿನ ಫೈಲುಗಳೆಲ್ಲ ಮಾಯ. ಕೆ.ಆರ್. ಪೇಟೆಯಲ್ಲಿ ಕಂಪ್ಯೂಟರು ರಿಪೇರಿ ಮಾಡುವವರೊಬ್ಬರಿದ್ದಾರೆ, ನಮ್ಮ ಕಡೆಯ ಅಂಗಡಿಗಳಿಗೆಲ್ಲ ಅವರೇ. ಬಂದರು, ಮಧ್ಯಾಹ್ನದವರೆಗೂ ಕೂತು ಎಲ್ಲ ಒರೆಸಿ ತೆಗೆದರು. ಆಮೇಲೆ ಒಂದು ಸಾಫ್ಟ್‌ವೇರು ಹಾಕಿದರು. ತೆರೆಯ ಮೇಲೆ ಇಂಗ್ಲಿಷಿನಲ್ಲಿ ಮಾರುದ್ದದ ಕಾಗದ ಬಂತು. ಅವರು ಅದನ್ನು ಓದಲಿಲ್ಲ, ಸರ್ರನೆ ಕೆಳಗಿಳಿಸಿ ಒಪ್ಪಿಗೆ ಅಂತ ಒತ್ತಿದರು.

"ಏನದು ಅಷ್ಟುದ್ದ?" ಅಂದೆ.

"ಅದು ಇರೋದೇ ಅಂಗೆ ಬುಡಕ್ಕ. ಇನ್ಮೇಲೆ ನೀನು ಯಾವ ಪೇಜ್ ತೆಗುದ್ರೂವೆ ಇದು ಮುಂಚ್ಲೇ ಓಗಿ ನೋಡ್ಕಂಡು ಬತ್ತದೆ. ನಿಂಗೇನೂ ಗೊತ್ತಾಗಾಕಿಲ್ಲ, ತನ್ನ ಪಾಡಿಗೆ ತಾನು ಮಾಡ್ಕತದೆ" ಅಂದರು.

ನನಗೆ ಖುಷಿಯಾಯಿತು. ನನಗೇನೂ ಗೊತ್ತಾಗುವುದಿಲ್ಲ ಅನ್ನುವ ಮಾತಿಗೆ ಖುಷಿಪಟ್ಟುಕೊಂಡು ಅವರಿಗೆ ಕಾಫಿ ತರಿಸಿದೆ.

ಎಂಟು ಹತ್ತು ದಿನ ಕಳೆದಿರಬೇಕು. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಕಡೆಯ ಒಬ್ಬ ಹೆಂಗಸು ಮಗಳ ಹಾಸ್ಟೆಲ್ ಸೀಟಿಗೆ ಅರ್ಜಿ ಹಾಕಿಸಿದ್ದಳು. ಪಟ್ಟಿ ಬಂದಿದೆಯಾ ನೋಡು ಅಂದಳು. ತೆರೆದೆ. ಉದ್ದ ಪಟ್ಟಿ, ನೂರಾರು ಹೆಸರು. ಅದರಲ್ಲಿ ಅವಳ ಮಗಳ ಹೆಸರಿನ ಪಕ್ಕದಲ್ಲಿ ಒಂದು ಹಸಿರು ಟಿಕ್ಕು. ಅಚ್ಚುಕಟ್ಟಾದ, ಗುಂಡಗಿನ ಚೌಕಟ್ಟಿನೊಳಗೆ ಕೂತ, ಪುಟದ ಜೊತೆಯಲ್ಲೇ ಹುಟ್ಟಿದ್ದೇನೋ ಅನ್ನುವಂಥ ಟಿಕ್ಕು. ಮೇಲೆ ಕೆಳಗೆ ಯಾರ ಹೆಸರಿಗೂ ಇಲ್ಲ.

"ಟಿಕ್ ಬಿದ್ದದೆ ಕಣವ್ವ" ಅಂದೆ.

"ಅಂಗಂದ್ರೆ ಆಯ್ತಾ?"

"ಆಗ್ದೆ ಇನ್ನೇನು, ನೋಡು, ನಿನ್ ಮಗಳೊಬ್ಳಿಗೇ ಬಿದ್ದಿರೋದು."

ಹದಿನೈದು ದಿನಕ್ಕೆ ಸೀಟು ಸಿಕ್ಕಿತು. ಅವಳು ಒಂದು ಡಜನ್ ಬಾಳೆಹಣ್ಣು ಹಿಡಿದುಕೊಂಡು ಬಂದಳು. ಅರ್ಜಿಯನ್ನು ನಾನು ಸರಿಯಾಗಿ ತುಂಬಿದ್ದೆ, ಕಾಗದಗಳು ನೆಟ್ಟಗಿದ್ದವು, ಅದಕ್ಕೇ ಸೀಟು ಸಿಕ್ಕಿದ್ದು. ಆದರೆ ಆವತ್ತು ಆ ಮಾತು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಆಮೇಲಿನ ವಾರ ಒಂದು ನೌಕರಿಯ ಪಟ್ಟಿಯಲ್ಲಿ ನನ್ನ ಅಂಗಡಿಯಿಂದ ಹೋದ ಮೂರು ಅರ್ಜಿಗೂ ಟಿಕ್ಕು. ಅದರ ಮುಂದಿನ ತಿಂಗಳು ಮತ್ತೆ ಅದೇ. ಬೇರೆ ಅಂಗಡಿಯಲ್ಲಿ ಹಾಕಿಸಿಕೊಂಡವರು ಬಂದು ನನ್ನಲ್ಲಿ ಪಟ್ಟಿ ತೆಗೆಸಿದರೆ ಅವರ ಹೆಸರು ಬೋಳು ಬೋಳು.

ಮಾತು ಹಬ್ಬುವುದಕ್ಕೆ ಎಷ್ಟು ಹೊತ್ತು! ಪಾಂಡವಪುರದ ಆ ಅಕ್ಕನ ಕೈಗುಣ ಚೆನ್ನಾಗಿದೆ, ಅವಳು ಹಾಕಿದ ಅರ್ಜಿಗೆ ಟಿಕ್ಕು ಬೀಳುತ್ತದೆ ಅಂತ ಆಯಿತು. ಮಾಕವಳ್ಳಿಯಿಂದ ಬಂದರು, ನಾಗಮಂಗಲದಿಂದ ಎರಡು ಬಸ್ಸು ಬದಲಾಯಿಸಿಕೊಂಡು ಬಂದರು. ತಮ್ಮೂರಲ್ಲೇ ಪಕ್ಕದ ಬೀದಿಯಲ್ಲಿ ಅಂಗಡಿ ಇದ್ದವರೂ ಬಂದರು. "ನಿನ್ ಕೈಯಿಂದ್ಲೇ ಒತ್ತುಬುಡಕ್ಕ" ಅನ್ನುತ್ತಿದ್ದರು, ಅರ್ಜಿ ಕಳಿಸುವ ಗುಂಡಿಯನ್ನು. ಟಿಕ್ಕು ಬಿದ್ದ ಹಾಳೆಯನ್ನು ಕಲರಿನಲ್ಲೇ ಬೇಕು ಅಂತ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ, ಕುಂಕುಮ ಇಟ್ಟು ದೇವರ ಗೂಡಿನಲ್ಲಿ ಇಡುತ್ತಿದ್ದರು. ಒಮ್ಮೆ ದೇವರ ಮುಂದೆ ಇಟ್ಟ ಮೇಲೆ ಮತ್ತೆ ಪಟ್ಟಿ ತೆಗೆದು ನೋಡಬಾರದು, ಅನುಮಾನ ಪಟ್ಟ ಹಾಗಾಗುತ್ತದೆ ಅನ್ನುವುದೂ ಯಾವಾಗಲೋ ಸೇರಿಕೊಂಡಿತು. ಟಿಕ್ಕು ಬಿದ್ದೂ ಕೆಲಸ ಆಗದವರು ಇರಲಿಲ್ಲ ಅಂತಲ್ಲ. ಅವರು ಬಂದು ಕೇಳಿದರೆ ಯಾರದೋ ಪ್ರಭಾವ ನಡೆದಿದೆ ಅನ್ನುತ್ತಿದ್ದೆ. ಅವರು ತಲೆಯಾಡಿಸಿ ಹೋಗುತ್ತಿದ್ದರು.

ನಾನೂ ನಂಬಿದೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬೆಳಿಗ್ಗೆ ಅಂಗಡಿ ತೆಗೆದು ಬಲಗೈಯನ್ನು ಕಣ್ಣಿಗೆ ಒತ್ತಿಕೊಂಡು ಕೂರುವ ಮಟ್ಟಕ್ಕೆ ನಂಬಿದೆ. ನಂಬಿದ ಮೇಲೆ ಕೆಲಸ ಸಡಿಲವಾಯಿತು. ಎರಡು ಸಲ ಸ್ಕ್ಯಾನ್ ಮಾಡುತ್ತಿದ್ದವಳು ಒಂದೇ ಸಲಕ್ಕೆ ಮುಗಿಸಿದೆ. ಟಿಕ್ಕು ಬಿದ್ದಿದ್ದರೆ ಹೆಸರಿನ ಮೇಲೆ ಒತ್ತಿ ಒಳಪುಟ ನೋಡುವುದನ್ನು ಪೂರ್ತಿ ಬಿಟ್ಟೆ. ಪುಟದ ಮೇಲ್ತುದಿಯಲ್ಲಿ 'ಮುಖಪುಟ', 'ಸಂಪರ್ಕಿಸಿ' ಅಂತ ಇರುತ್ತದಲ್ಲ, ಅದರ ಪಕ್ಕದಲ್ಲೂ ಅದೇ ಹಸಿರು ಟಿಕ್ಕು ಇರುತ್ತಿತ್ತು. ದಿನವೂ ಕಣ್ಣಿಗೆ ಬೀಳುತ್ತಿತ್ತು. 'ಸಂಪರ್ಕಿಸಿ' ಅನ್ನುವುದಕ್ಕೆ ಯಾವ ಸರ್ಕಾರ ಯಾಕೆ ಮಂಜೂರಾತಿ ಕೊಡುತ್ತದೆ ಅಂತ ನಾನು ಒಂದು ದಿನವೂ ಕೇಳಿಕೊಳ್ಳಲಿಲ್ಲ.

ಕೇಳಿದವರು ಒಬ್ಬರೇ. ಶ್ರೀರಂಗಪಟ್ಟಣದ ಒಬ್ಬರು ಮೇಷ್ಟ್ರು, ದೇವಸ್ಥಾನದ ಬೀದಿಯವರು. ಅವರ ಮಗಳ ಅರ್ಜಿ ಒಂದನ್ನು ನಾನು ಹಾಕಿದ್ದೆ. ಕೈಗುಣ ಗೀಗುಣ ನಾನು ನಂಬುವುದಿಲ್ಲ, ಮನೆಯವಳು ಹಠ ಮಾಡಿದಳು ಅಂತ ಬಂದಿದ್ದವರು. ಪಟ್ಟಿ ಬಂದ ಎರಡು ದಿನಕ್ಕೆ ಮತ್ತೆ ಬಂದರು. ಬಂದವರು ಎರಡು ಹಾಳೆಯನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಅಂಗೈಯಿಂದ ಸವರಿ ನೆಟ್ಟಗೆ ಮಾಡಿದರು.

"ನೋಡಿ ತಾಯಿ, ಇದು ನಮ್ಮ ಶಾಲೆಯಲ್ಲಿ ತೆಗೆದದ್ದು, ಇದು ನಿಮ್ಮಲ್ಲಿ ತೆಗೆದದ್ದು. ಒಂದೇ ದಿನ, ಒಂದೇ ಪುಟ. ನಮ್ಮದರಲ್ಲಿ ಟಿಕ್ ಇಲ್ಲವಲ್ಲ?"

"ನಿಮ್ ಶಾಲೆ ಪ್ರಿಂಟರಲ್ಲಿ ಕಲರ್ ಇಲ್ವಲ್ಲ ಮೇಷ್ಟ್ರೇ" ಅಂದೆ.

"ಬಣ್ಣ ಇಲ್ಲದಿದ್ದರೆ ಕಪ್ಪಾಗಿಯಾದರೂ ಬರಬೇಕಲ್ಲ?"

ಉತ್ತರ ಇಲ್ಲದಿದ್ದಾಗ ನನಗೆ ಸಿಟ್ಟು ಬರುತ್ತದೆ. ಅಂಗಡಿಯಲ್ಲಿ ನಾಲ್ಕು ಜನ ಕಾಯುತ್ತಿದ್ದರು, ಅವರೆಲ್ಲ ನನ್ನ ಮುಖ ನೋಡುತ್ತಿದ್ದರು. "ನಂಬಿಕೆ ಇದ್ರೆ ಬನ್ನಿ, ಇಲ್ದಿದ್ರೆ ನಿಮ್ಮೂರಲ್ಲೇ ಅಂಗ್ಡಿ ಇಲ್ವಾ? ನಾನೇನು ಕೈಯಲ್ಲಿ ಬರ್ದು ಕೊಟ್ಟಿದ್ದೀನಾ?" ಅಂದೆ, ಜೋರಾಗಿ. ನಾಲ್ವರಲ್ಲಿ ಒಬ್ಬ ನಕ್ಕ.

ಮೇಷ್ಟ್ರಿಗೆ ಸಿಟ್ಟು ಬರಲಿಲ್ಲ. ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದರು: "ನೀವು ಬರೆದಿಲ್ಲ, ಗೊತ್ತು. ಸರ್ಕಾರದವರೂ ಬರೆದಿಲ್ಲ. ನಡುವೆ ಯಾರೋ ಬರೆಯುತ್ತಿದ್ದಾರೆ. ಅದು ಯಾರು ಅಂತ ನೋಡಿಕೊಳ್ಳಿ."

ಅವರು ಹೋದ ಮೇಲೆ ಅಂಗಡಿಯಲ್ಲಿ ನನಗೂ ಕಂಪ್ಯೂಟರಿಗೂ ಮಧ್ಯೆ ಇನ್ನೊಬ್ಬರು ಕೂತಿದ್ದಾರೇನೋ ಅನ್ನಿಸಿ, ಒಂದು ಸಲ ಕುರ್ಚಿಯ ಹಿಂದಕ್ಕೂ ತಿರುಗಿ ನೋಡಿದೆ. ಆಮೇಲೆ ಅವರು ಬಿಟ್ಟುಹೋದ ಎರಡೂ ಹಾಳೆಯನ್ನು ಒಂದು ಕಡೆ ಖಾಲಿ ಇರುವ ರಫ್ ಕಾಗದದ ಕಟ್ಟಿಗೆ ಸೇರಿಸಿ, ಮುಂದಿನವರನ್ನು ಕರೆದೆ.

ಆ ತಿಂಗಳಲ್ಲೇ ನಾದಿನಿಯ ಊರಿನ ಅಂಗನವಾಡಿಗೆ ಅರ್ಜಿ ಕರೆದರು. ಅವಳು ಬಸ್ಸಿನಲ್ಲಿ ಬಂದಳು, ತಲೆಗೆ ಮಲ್ಲಿಗೆ ಮುಡಿದುಕೊಂಡು, ಮದುವೆ ಮನೆಗೆ ಬಂದವಳ ಹಾಗೆ. ಒಂದು ಬಟ್ಟೆ ಬ್ಯಾಗಿನಲ್ಲಿ ಎಲ್ಲ ಕಾಗದವನ್ನೂ ಒಂದೊಂದಾಗಿ ಪ್ಲಾಸ್ಟಿಕ್ ಕವರಿಗೆ ಹಾಕಿ ತಂದಿದ್ದಳು. ಎಂಟು ಮಡಿಕೆ ಇಲ್ಲ, ಎಲೆ ಅಡಿಕೆ ವಾಸನೆ ಇಲ್ಲ. ಬೈಯುವುದಕ್ಕೆ ಅವಳು ನನಗೆ ಏನನ್ನೂ ಉಳಿಸಿರಲಿಲ್ಲ. ಆ ಕೆಲಸಕ್ಕೆ ಅದೇ ಊರಿನ ವಾಸಿ ಆಗಿರಬೇಕು, ಅದಕ್ಕೆ ವಾಸಸ್ಥಳದ ಪ್ರಮಾಣಪತ್ರ ಮುಖ್ಯ. ಅದನ್ನು ಸ್ಕ್ಯಾನ್ ಮಾಡುವಾಗ ಹಾಳೆ ಕೊಂಚ ಓರೆಯಾಗಿತ್ತು. ಕೆಳಗಿನ ಮೂಲೆ, ಮೊಹರು ಇರುವ ಜಾಗ, ಅರ್ಧ ಕತ್ತರಿಸಿಹೋಯಿತು. ನಾನು ನೋಡಿದೆ. ನೋಡಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಮತ್ತೆ ಮಾಡೋಣ ಅಂತ ಒಂದು ಕ್ಷಣ ಅನ್ನಿಸಿತು, ಹೊರಗೆ ಜನ ನಿಂತಿದ್ದರು, ನಡೆಯುತ್ತದೆ ಬಿಡು ಅಂದುಕೊಂಡೆ. ಕಳಿಸುವ ಗುಂಡಿಯನ್ನು ಅವಳು ನನ್ನ ಕೈ ಹಿಡಿದು ಒತ್ತಿಸಿದಳು.

"ಅತ್ತಿಗೆ, ನಿಮ್ ಕೈಗುಣ ನಂಗೂ ಒಸಿ ತಾಕ್ಲಿ" ಅಂದಳು.

ತಾತ್ಕಾಲಿಕ ಪಟ್ಟಿ ಬಂದ ದಿನ ನಾನೇ ಮೊದಲು ನೋಡಿದೆ. ಅವಳ ಹೆಸರು, ಪಕ್ಕದಲ್ಲಿ ಟಿಕ್ಕು. ಅದೇ ಊರಿನ ಜಾಗಕ್ಕೆ ಅರ್ಜಿ ಹಾಕಿದ್ದ ಇನ್ನಿಬ್ಬರ ಹೆಸರು ಬೋಳು. ನಾನು ಒಬ್ಬಳೇ ಅಂಗಡಿಯಲ್ಲಿ ಚಪ್ಪಾಳೆ ತಟ್ಟಿದೆ. ಕಲರಿನಲ್ಲಿ ತೆಗೆದು, ಲ್ಯಾಮಿನೇಷನ್ ಮಾಡಿ, ಅವಳ ಅಣ್ಣನ ಕೈಯಲ್ಲೇ ಕೊಟ್ಟು ಕಳಿಸಿದೆ. ಅವತ್ತು ಅವಳ ಹೆಸರಿನ ಮೇಲೆ ಒಂದೇ ಒಂದು ಸಲ ಒತ್ತಿದ್ದರೆ ಸಾಕಿತ್ತು. ಒಳಪುಟದಲ್ಲಿ ಎರಡು ಸಾಲು ಬರೆದಿತ್ತು: ವಾಸಸ್ಥಳ ಪ್ರಮಾಣಪತ್ರದ ಪ್ರತಿ ಅಸ್ಪಷ್ಟವಾಗಿದೆ, ಹತ್ತು ದಿನದೊಳಗೆ ಮೂಲ ಪ್ರತಿಯೊಂದಿಗೆ ಕಚೇರಿಗೆ ಹಾಜರಾಗುವುದು. ಹತ್ತು ದಿನವೂ ಆ ಎರಡು ಸಾಲು ಒಂದು ಬೆರಳಿನ ಒತ್ತಿನಾಚೆ ಹಾಗೇ ಕೂತಿದ್ದವು. ಮನೆಗೆ ಪತ್ರ ಬರೆದು ತಿಳಿಸುವ ಕಾಲ ಹೋಗಿ ಎಷ್ಟೋ ದಿನವಾಗಿದೆ.

ಮೂರನೆಯ ದಿನವೋ ನಾಲ್ಕನೆಯ ದಿನವೋ ನಾದಿನಿ ಫೋನು ಮಾಡಿದಳು.

"ಅತ್ತಿಗೆ, ನಮ್ ಪಕ್ಕದ್ಮನೆಯವ್ರು ಫೋನ್ನಾಗೆ ಪಟ್ಟಿ ತೆಗ್ದು ತೋರುಸುದ್ರು. ನನ್ ಎಸ್ರು ಅದೆ, ಟಿಕ್ಕಿಲ್ಲ."

"ಫೋನ್ನಲ್ಲಿ ಪೂರ್ತಿ ಬರಾಕಿಲ್ಲ ಕಣವ್ವ. ಅದು ಚಿಕ್ಕದು."

"ಎಸ್ರೆಲ್ಲಾ ಬತ್ತದಲ್ಲ ಅತ್ತಿಗೆ?"

"ನಾನು ದಿನಾ ಇದ್ನೇ ಮಾಡ್ತಿರೋಳು, ನಿಂಗೆ ಗೊತ್ತಾ ನಂಗೆ ಗೊತ್ತಾ?" ಅಂದೆ. ಹೆಸರಿನ ಮೇಲೆ ಒತ್ತಿದರೆ ಒಳಗೊಂದು ಪುಟ ಇದೆ ಅನ್ನುವುದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ನಾನೊಬ್ಬಳೇ.

ಆ ದಿನ ನನಗೆ ಮೇಷ್ಟ್ರ ಹಾಳೆ ನೆನಪಾಗಲಿಲ್ಲ ಅಂತಲ್ಲ. ನೆನಪಾಯಿತು. ಆದರೆ ಮೇಷ್ಟ್ರು ಸರಿ ಅಂದರೆ ನನ್ನ ಹತ್ತು ತಿಂಗಳೂ ತಪ್ಪಾಗುತ್ತದೆ. ನಾಗಮಂಗಲದಿಂದ ಬಂದ ಜನ, ಬಾಳೆಹಣ್ಣು, ಕೈಗುಣ, ಎಲ್ಲ ತಪ್ಪಾಗುತ್ತದೆ. ಅಷ್ಟನ್ನು ಕಳೆದುಕೊಳ್ಳುವುದಕ್ಕೆ ನಾನು ತಯಾರಿರಲಿಲ್ಲ.

ಮತ್ತೊಂದು ಸಲ ಅವಳು ಫೋನು ಮಾಡಿದ್ದು ಒಂದು ಮಧ್ಯಾಹ್ನ. ಅಂಗಡಿಯಲ್ಲಿ ಸಂತೆಯಂಥ ಗದ್ದಲ. ಅವಳ ಕಡೆಯೂ ಗದ್ದಲ ಕೇಳುತ್ತಿತ್ತು, ಬಸ್ಸಿನ ಹಾರನ್ನು, ಯಾರೋ ಟೋಕನ್ ನಂಬರು ಕೂಗುತ್ತಿದ್ದ ಹಾಗೆ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

"ಅತ್ತಿಗೆ, ಒಂದ್ಸಲ ಆಫೀಸ್ಗೇ ಓಗಿ ಕೇಳ್ಕಂಡು ಬಂದ್ಬುಡ್ಲಾ? ಮನ್ಸು ಯಾಕೋ ಒಪ್ತಿಲ್ಲ."

"ಟಿಕ್ ಬಿದ್ದಿರೋದ್ನ ಓಗಿ ಕೆದ್ಕಿದ್ರೆ ಅವ್ರಿಗೆ ಸಿಟ್ಟು ಬರಾಕಿಲ್ವಾ? ಇರೋದೂ ಕೆಟ್ಟೋಯ್ತದೆ. ಸುಮ್ನೆ ಮನೆಗೋಗಿ ಕೆಲ್ಸ ನೋಡ್ಕೋ ಓಗವ್ವ."

"ಆಯ್ತು ಅತ್ತಿಗೆ" ಅಂದಳು. ನಾನು ಫೋನಿಟ್ಟು ಕಾಯುತ್ತಿದ್ದವರ ಕಡೆ ತಿರುಗಿದೆ.

ಅಂತಿಮ ಪಟ್ಟಿಯಲ್ಲಿ ಅವಳ ಹೆಸರು ಇರಲಿಲ್ಲ. ಬೋಳಾಗಿದ್ದ ಇಬ್ಬರಲ್ಲಿ ಒಬ್ಬರ ಹೆಸರಿತ್ತು, ಅದೇ ಊರಿಗೆ ಎರಡು ವರ್ಷದ ಹಿಂದೆ ಸೊಸೆಯಾಗಿ ಬಂದ ಹುಡುಗಿಯದು. ನಾನು ನಾಲ್ಕು ಸಲ ಮೇಲಿನಿಂದ ಕೆಳಗೆ ಓದಿದೆ. ಆಮೇಲೆ ಹಳೆಯ ತಾತ್ಕಾಲಿಕ ಪಟ್ಟಿಯನ್ನು ತೆರೆದೆ. ಟಿಕ್ಕು ಹಾಗೇ ಇತ್ತು, ಹೊಸದಾಗಿ ಬಿದ್ದ ಹಾಗೆ ಹೊಳೆಯುತ್ತಿತ್ತು. ಹೆಸರಿನ ಮೇಲೆ ಒತ್ತಿದೆ. ಆ ಎರಡು ಸಾಲು ಆಗ ಕಂಡವು. ಕೆಳಗೆ ಇನ್ನೊಂದು ಸಾಲು ಸೇರಿತ್ತು: ನಿಗದಿತ ಅವಧಿಯೊಳಗೆ ಹಾಜರಾಗದ ಕಾರಣ ಅರ್ಜಿ ತಿರಸ್ಕರಿಸಲಾಗಿದೆ.

ರಫ್ ಕಾಗದದ ಕಟ್ಟನ್ನು ನೆಲದ ಮೇಲೆ ಸುರಿದು ಮೇಷ್ಟ್ರ ಹಾಳೆಗಳನ್ನು ಹುಡುಕಿದೆ. ಒಂದು ಸಿಕ್ಕಿತು, ಅವರ ಶಾಲೆಯದು. ಅದರ ಹಿಂಬದಿಯಲ್ಲಿ ನಾನು ಯಾರದೋ ಫೋನ್ ನಂಬರು ಗೀಚಿದ್ದೆ. ಕಂಪ್ಯೂಟರಿನ ಪೆಟ್ಟಿಗೆಯನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಷಟರು ಎಳೆದು ಕೆ.ಆರ್. ಪೇಟೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಅದರೊಳಗಿರುವುದು ಈಗಲೂ ಏನೋ ಮಾಡುತ್ತಿದೆ ಅನ್ನುವ ಭಯ. ಕರೆಂಟು ಇಲ್ಲದೆ ಏನು ಮಾಡುತ್ತದೆ ಅಂತ ಬುದ್ಧಿ ಹೇಳಿದರೂ ಭಯ ಹೋಗಲಿಲ್ಲ.

ರಿಪೇರಿಯವರು ಊಟಕ್ಕೆ ಏಳುತ್ತಿದ್ದರು. ನನ್ನ ಮುಖ ನೋಡಿ ಕೂತರು. ಪೆಟ್ಟಿಗೆಯನ್ನು ಜೋಡಿಸಿ, ಪಟ್ಟಿ ತೆರೆದು, ಟಿಕ್ಕನ್ನು ತೋರಿಸಿದೆ. ಅವರು ಮೂಲೆಯಲ್ಲಿದ್ದ ಗುರಾಣಿಯ ಚಿತ್ರದ ಮೇಲೆ ಒತ್ತಿ, ಒಂದು ಕಡೆ ಗುಂಡಿಯನ್ನು ಎಡಕ್ಕೆ ಸರಿಸಿದರು. ಪುಟ ಒಮ್ಮೆ ಮಿಟುಕಿತು. ಟಿಕ್ಕುಗಳೆಲ್ಲ ಹೋದವು. ನಾದಿನಿಯ ಹೆಸರು ಉಳಿದವರ ಹಾಗೆ ಬೋಳಾಗಿ ನಿಂತಿತ್ತು. ಮತ್ತೆ ಬಲಕ್ಕೆ ಸರಿಸಿದರು. ಬಂದವು.

"ಇದು ಸರ್ಕಾರದ್ದಲ್ಲ ಕಣಕ್ಕ. ಈ ಸಾಫ್ಟ್‌ವೇರೇ ಆಕೋದು. ಈ ಲಿಂಕ್ ಒತ್ತುದ್ರೆ ನಿನ್ ಕಂಪ್ಯೂಟ್ರುಗೆ ರೋಗ ಬರಾಕಿಲ್ಲ ಅಂತ ಗುರ್ತು. ಒಂದ್ಸಲ ನೀನು ತೆಗ್ದಿರೋ ಲಿಂಕ್ನ ಇದು ನೋಡ್ಕಂಡಿರ್ತದೆ, ಅದ್ಕೆ ಆಕ್ತದೆ. ತೆಗೀದೆ ಇರೋದುಕ್ಕೆ ಆಕಾಕಿಲ್ಲ."

ನನಗೆ ಒಂದೊಂದಾಗಿ ಅರ್ಥವಾಯಿತು. ಅರ್ಜಿ ಹಾಕಿದ ದಿನ ರಸೀದಿ ತೆಗೆಯುವುದಕ್ಕೆ ನಾನು ಪ್ರತಿಯೊಬ್ಬರ ಪುಟವನ್ನೂ ಒಮ್ಮೆ ತೆರೆಯುತ್ತೇನೆ. ಅದಕ್ಕೇ ನನ್ನ ಅಂಗಡಿಯವರಿಗೆಲ್ಲ ಟಿಕ್ಕು. ನಾನು ಮುಟ್ಟಿದ ಹೆಸರನ್ನೇ ಅದು ಗುರುತು ಹಾಕಿ ನನಗೇ ತೋರಿಸುತ್ತಿತ್ತು. ಅದನ್ನು ನಾನು ದೇವರ ಮುಂದೆ ಇಡಿಸಿದ್ದೆ.

"ಸರ್ಕಾರದ ಪುಟದ ಮೇಲೆ ಬರೆಯಾಕೆ ಇದ್ಕೆ ಯಾರು ಯೋಳುದ್ರು?" ಅಂದೆ. ಕೂಗಿದೆ ಅನ್ನಬೇಕು.

"ಅಲ್ಲೇನೂ ಬರ್ದಿಲ್ಲ ಕಣಕ್ಕ. ನಿನ್ ಕಂಪ್ಯೂಟ್ರಿಗೆ ಬರೋವಾಗ ದಾರೀಲಿ ಬರೀತದೆ. ಅವತ್ತು ಒಪ್ಗೆ ಅಂತ ಒತ್ತಿದ್ವಲ್ಲ, ಅದ್ರಲ್ಲಿತ್ತು."

"ಮಿಕ್ಕ ಅಂಗ್ಡಿಗೋಳ್ಗೂ ಇದ್ನೇ ಹಾಕಿದ್ದೀರಾ?"

ಅವರು ಗುಂಡಿಯನ್ನು ಎಡಕ್ಕೆ ಸರಿಸಿ ಬಿಟ್ಟು, ತಲೆ ತಗ್ಗಿಸಿ, ಹೂಂ ಅಂದರು. ನಾನು ಅವರನ್ನು ಬೈಯಲಿಲ್ಲ.

ಈಗ ನನ್ನ ಅಂಗಡಿಯಲ್ಲಿ ಟಿಕ್ಕು ಬೀಳುವುದಿಲ್ಲ. ಬಂದವರಿಗೆಲ್ಲ ವಿಷಯ ಬಿಡಿಸಿ ಹೇಳಿದೆ. ಕೇಳಿಸಿಕೊಳ್ಳುತ್ತಾರೆ, ಪಾಪ ಅನ್ನುವ ಹಾಗೆ ನನ್ನ ಮುಖ ನೋಡುತ್ತಾರೆ. ಅವಳ ಕೈಗುಣ ಹೋಯಿತಂತೆ, ಅದಕ್ಕೆ ಹಾಗೆ ಹೇಳುತ್ತಾಳೆ ಅನ್ನುವುದು ಊರ ಮಾತು. ನಾಗಮಂಗಲದ ಒಂದು ಅಂಗಡಿಯಲ್ಲಿ ಈಗ ಬೀಳುತ್ತದಂತೆ, ಇಲ್ಲಿಂದ ಜನ ಅಲ್ಲಿಗೆ ಬಸ್ಸು ಹತ್ತುತ್ತಿದ್ದಾರೆ. ಆ ಅಂಗಡಿಗೂ ಒಮ್ಮೆ ಫೋನು ಮಾಡಿದೆ. ಹೊಟ್ಟೆಕಿಚ್ಚು ಅಂದುಕೊಂಡರೋ ಏನೋ, ಮಾತು ಮುಗಿಯುವ ಮೊದಲೇ ಇಟ್ಟುಬಿಟ್ಟರು. ನಾನು ಮೊದಲಿನ ಹಾಗೆ ಎರಡೆರಡು ಸಲ ಸ್ಕ್ಯಾನ್ ಮಾಡುತ್ತೇನೆ, ಒಳಪುಟ ತೆರೆಯುತ್ತೇನೆ. ಆದರೆ ತೆರೆಯ ಮೇಲೆ ಕಾಣುವ ಯಾವ ಅಕ್ಷರ ಯಾರು ಬರೆದದ್ದು ಅನ್ನುವ ಅನುಮಾನ ನನ್ನನ್ನು ಬಿಟ್ಟುಹೋಗಿಲ್ಲ. ಎಷ್ಟೋ ಸಲ ಎದುರಿನ ಬೇಕರಿಯವರ ಫೋನು ಇಸಿದುಕೊಂಡು, ಅದೇ ಪುಟವನ್ನು ಅದರಲ್ಲೂ ತೆರೆದು, ಸಾಲಿಗೆ ಸಾಲು ಇಟ್ಟು ನೋಡುತ್ತೇನೆ.

ನಾದಿನಿಯ ಊರಿಗೆ ಹೋಗುವುದಕ್ಕೆ ನನಗೆ ಮೂರು ವಾರ ಬೇಕಾಯಿತು. ಬೆಳಿಗ್ಗೆ ಹನ್ನೊಂದು ಗಂಟೆ ಇರಬೇಕು. ಅಂಗನವಾಡಿಯ ಒಳಗೆ ಹೊಸ ಹುಡುಗಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದಳು. ಮಕ್ಕಳು ಹಾಡಿನ ನಡುನಡುವೆ ಕಿಟಕಿಯ ಕಡೆ ತಿರುಗುತ್ತಿದ್ದವು, ಕಿಟಕಿಯಾಚೆ ನಾದಿನಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ನನ್ನನ್ನು ನೋಡಿ ಎದ್ದು, ಸೆರಗಿಗೆ ಕೈ ಒರೆಸಿಕೊಂಡು, ಕೂರುವುದಕ್ಕೆ ಮಣೆ ಹಾಕಿದಳು.

ನಾನು ಎಲ್ಲ ಹೇಳಿದೆ. ಸಾಫ್ಟ್‌ವೇರು, ಟಿಕ್ಕು, ಓರೆಯಾದ ಸ್ಕ್ಯಾನು, ಮೊಹರು ಕತ್ತರಿಸಿದ್ದನ್ನು ನೋಡಿಯೂ ಬಿಟ್ಟದ್ದು, ಒಳಪುಟದ ಎರಡು ಸಾಲು. ಮೇಷ್ಟ್ರು ಹೇಳಿದ್ದನ್ನೂ ಹೇಳಿದೆ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಹಾಳಾದ ಎಲೆ ಒಂದು ಕಡೆ, ಒಳ್ಳೆಯದು ಒಂದು ಕಡೆ. ಬೈದರೆ ಸಾಕು ಅಂತ ನಾನು ಕಾಯುತ್ತಿದ್ದೆ.

"ತಪ್ಪಾಯ್ತು ಕಣವ್ವ. ಇನ್ನೇನಾದ್ರೂ ದಾರಿ ಅದಾ ನೋಡ್ತೀನಿ" ಅಂದೆ.

"ವಯ್ಸು ಮುಗೀತಲ್ಲ ಅತ್ತಿಗೆ, ಇನ್ನೆಲ್ಲಿ ದಾರಿ" ಅಂದಳು. ಆಮೇಲೆ, ಮೊರದ ಮೇಲಿನಿಂದ ಕಣ್ಣೆತ್ತದೆ ಹೇಳಿದಳು. "ಅವತ್ತು ಮದ್ಯಾನ ಫೋನ್ ಮಾಡಿದ್ನಲ್ಲ, ಆಫೀಸ್ಗೆ ಓಗ್ಲಾ ಅಂತ. ಅವತ್ತು ನಾನು ಊರಲ್ಲಿರ್ನಿಲ್ಲ. ಪಟ್ಟಣದಾಗೆ, ಆಫೀಸ್ ಬಾಗ್ಲಲ್ಲೇ ನಿಂತಿದ್ದೆ. ಕಾಗ್ದ ಎಲ್ಲಾ ಬ್ಯಾಗ್ನಾಗೇ ಇದ್ವು. ನಿಮ್ಮುನ್ನ ಒಂದ್ಮಾತು ಕೇಳ್ದೆ ಒಳೀಕ್ಕೆ ಓಗೋದು ಸರೀಲ್ಲ ಅನ್ನುಸ್ತು."

ಅದು ಒಂಬತ್ತನೆಯ ದಿನ. ನಾನು ಲೆಕ್ಕ ಹಾಕಿ ನೋಡಿದ್ದೇನೆ. ಒಳಗೆ ಹೋಗಿ ಆ ಒಂದು ಕಾಗದ ತೋರಿಸಿದ್ದರೆ ಮುಗಿದಿತ್ತು. ನಾನು ಮನೆಗೆ ಹೋಗು ಅಂದೆ, ಅವಳು ಬಸ್ಸು ಹತ್ತಿ ಮನೆಗೆ ಹೋದಳು.